ಕೊಲೆ ಕೇಸು ಕೋರ್ಟಿನಲ್ಲಿರುವಾಗ ಆ ಮನೆಯವರ ಜೊತೆ ನಿಲ್ಲುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಊರಲ್ಲಿ ಒಂದು ಕೊಲೆಯಾದರೆ ಮೊದಲ ವಾರ ಆ ಮನೆ ಮುಂದೆ ಚಪ್ಪಲಿ ಬಿಡಲೂ ಜಾಗ ಇರುವುದಿಲ್ಲ. ನೆಂಟರು ಬರುತ್ತಾರೆ, ಲೀಡರುಗಳು ಬರುತ್ತಾರೆ, ಕ್ಯಾಮೆರಾ ಬರುತ್ತದೆ. ಸಾಕ್ಷಿ ವಿಚಾರಣೆ ಶುರುವಾಗುವುದು ಮಾತ್ರ ಎಷ್ಟೋ ಸಲ ಒಂದೆರಡು ವರ್ಷ ಕಳೆದ ಮೇಲೆ. ಆಗ ಕೋರ್ಟ್ ವರಾಂಡದ ಬೆಂಚಿನ ಮೇಲೆ ಸತ್ತವರ ಅಪ್ಪ ಅಮ್ಮ ಇಬ್ಬರೇ ಕೂತಿರುತ್ತಾರೆ. ಜನ ಬೇಕಾಗುವುದು ಆಗ.

ನೆರೆಹೊರೆಯವರು, ನೆಂಟರು, ಸ್ತ್ರೀಶಕ್ತಿ ಸಂಘದವರು, ಯುವಕ ಸಂಘದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಕರ್ನಾಟಕದ ಕೋರ್ಟುಗಳನ್ನು ನೋಡಿಕೊಂಡು ಬರೆದಿದ್ದು. 2024ರ ಜುಲೈ 1ರಿಂದ ಅಪರಾಧ, ಶಿಕ್ಷೆಗಳನ್ನು ಹೇಳುವ ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ತನಿಖೆ, ವಿಚಾರಣೆಯ ಕ್ರಮ ಹೇಳುವ ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿವೆ. ಕೊಲೆಯ ಸೆಕ್ಷನ್ನಿಗೆ ಹಿಂದೆ 302 ಅನ್ನುತ್ತಿದ್ದೆವು, ಈಗ ಅದು 103. ಆ ಜುಲೈ 1ಕ್ಕೂ ಮೊದಲು ನಡೆದ ಘಟನೆಗೆ ಐಪಿಸಿ ಸೆಕ್ಷನ್ನೇ ಅನ್ವಯಿಸುತ್ತದೆ.

ಸುದ್ದಿ ಬಂದ ದಿನ ನಾವು ಮೊದಲು ಮಾಡಬೇಕಾದ್ದು ಏನು?

ಮೂರು ಕಡೆ ಜನ ಬೇಕು: ಆಸ್ಪತ್ರೆಯ ಶವಾಗಾರದ ಹತ್ತಿರ, ಪೊಲೀಸ್ ಸ್ಟೇಷನ್ನಿನಲ್ಲಿ, ಮನೆಯಲ್ಲಿ. ಎಲ್ಲರೂ ಆಸ್ಪತ್ರೆಗೇ ಓಡಬೇಡಿ.

ಶವಾಗಾರದ ಹತ್ತಿರ ಕಾಯುವ ಕೆಲಸ ಉದ್ದದ್ದು. ಸೂರ್ಯ ಮುಳುಗಿದ ಮೇಲೂ ಮರಣೋತ್ತರ ಪರೀಕ್ಷೆ ಮಾಡಬಹುದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2021ರ ನವೆಂಬರ್‌ನಲ್ಲಿ ಹೇಳಿತು. ಆದರೆ ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಅನುಮಾನದ ಸಾವುಗಳನ್ನು ಅದರಿಂದ ಹೊರಗಿಟ್ಟಿದೆ. ಕಾನೂನು ಸುವ್ಯವಸ್ಥೆಯ ಕಾರಣ ಇದ್ದರೆ ಮಾತ್ರ ರಾತ್ರಿ ಮಾಡುತ್ತಾರೆ. ಹಾಗಾಗಿ ಸಂಜೆ ತಂದ ದೇಹ ಸಾಮಾನ್ಯವಾಗಿ ಬೆಳಗ್ಗೆಯೇ ಕೈಗೆ ಬರುವುದು. ಇದನ್ನು ಮನೆಯವರಿಗೆ ಮೊದಲೇ ತಿಳಿಸಿಬಿಡಿ. ಇಲ್ಲದಿದ್ದರೆ 'ದುಡ್ಡಿಗೆ ತಡ ಮಾಡ್ತಿದ್ದಾರೆ' ಎಂಬ ಮಾತು ಹುಟ್ಟುತ್ತದೆ, ಅಲ್ಲೇ ಜಗಳ ಶುರುವಾಗುತ್ತದೆ. ಶವ ಪಂಚನಾಮೆ, ಅಂದರೆ ದೇಹದ ಸ್ಥಿತಿ ನೋಡಿ ಬರೆದುಕೊಳ್ಳುವ ಕೆಲಸ, ಪೊಲೀಸರು ಮಾಡುತ್ತಾರೆ. ಮದುವೆಯಾಗಿ ಏಳು ವರ್ಷದೊಳಗಿನ ಹೆಣ್ಣುಮಗಳು ಅನುಮಾನಾಸ್ಪದವಾಗಿ ಸತ್ತಿದ್ದರೆ ತಹಶೀಲ್ದಾರರೇ ಬಂದು ಮಾಡುವುದು ರೂಢಿ. ಅವರು ಬರುವವರೆಗೂ ಕಾಯಬೇಕು.

ಸ್ಟೇಷನ್ನಿನಲ್ಲಿ ದೂರು ಬರೆಸುವಾಗ ಓದುಬರಹ ಚೆನ್ನಾಗಿ ಬರುವ ಒಬ್ಬರು ಪಕ್ಕದಲ್ಲಿರಲಿ. ಕಣ್ಣಾರೆ ಕಂಡದ್ದು ಯಾವುದು, ಯಾರೋ ಹೇಳಿದ್ದು ಯಾವುದು, ಬೇರೆಬೇರೆ ಬರೆಸಿ. ಸಿಟ್ಟಿನಲ್ಲಿ ಆರೋಪಿಯ ಮನೆಯವರೆಲ್ಲರ ಹೆಸರನ್ನೂ ಸೇರಿಸಿ ಬರೆಸುವುದುಂಟು. ಎರಡು ವರ್ಷದ ನಂತರ ಪಾಟೀಸವಾಲಿನಲ್ಲಿ, ಅಂದರೆ ಆರೋಪಿ ಪರ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವಾಗ, ಅದೇ ತಿರುಗುಬಾಣ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತ. ಕೇಳಿ ಪಡೆದು ಫೋಟೋ ತೆಗೆದಿಟ್ಟುಕೊಳ್ಳಿ.

ಮನೆಯಲ್ಲಿರುವವರ ಕೆಲಸ ಎಲ್ಲರಿಗೂ ಗೊತ್ತಿದೆ. ಸೂತಕದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಪಕ್ಕದ ಮನೆಗಳಿಂದ ಊಟ ಬರುತ್ತದೆ. ಒಂದು ಮಾತು ಮಾತ್ರ ಸೇರಿಸುತ್ತೇವೆ. ಕೊಲೆ ಮನೆಯಲ್ಲೋ ಅಂಗಳದಲ್ಲೋ ಆಗಿದ್ದರೆ ಪೊಲೀಸರು ಸ್ಥಳ ಮಹಜರು (ಪಂಚರ ಎದುರು ಜಾಗ ನೋಡಿ ಬರೆದುಕೊಳ್ಳುವುದು) ಮುಗಿಸುವವರೆಗೆ ಯಾರೂ ಗುಡಿಸಿ ಒರೆಸಬಾರದು. ನೀರು ಹಾಕಿ ತೊಳೆಯಲು ಹೊರಡುವವರು ಒಳ್ಳೆಯ ಮನಸ್ಸಿನಿಂದಲೇ ಹೊರಡುತ್ತಾರೆ. ತಡೆಯಿರಿ.

ಹೋದಾಗ ಏನು ಮಾತಾಡಬೇಕೋ ಗೊತ್ತಾಗುವುದಿಲ್ಲ.

ಜಾಸ್ತಿ ಮಾತಾಡಬೇಕಾಗಿಲ್ಲ. 'ಹೇಗಾಯ್ತು, ಯಾರು ಮಾಡಿದ್ದು' ಎಂದು ಬಂದವರೆಲ್ಲ ಕೇಳಿದರೆ ಆ ತಾಯಿ ಒಂದೇ ಕಥೆಯನ್ನು ದಿನವಿಡೀ ಹೇಳಬೇಕಾಗುತ್ತದೆ. 'ದೇವರಿಗೆ ಬೇಕಾದವರು' ಅನ್ನಬೇಡಿ. ಕೊಲೆಯಾದವರ ಮನೆಯಲ್ಲಿ ಆ ಮಾತು ಚುಚ್ಚುತ್ತದೆ. 'ಅಕ್ಕಾ, ಊಟ ಮಾಡಿದ್ರಾ? ನಾಳೆ ಸ್ಟೇಷನ್ನಿಗೆ ಹೋಗೋದಿದ್ರೆ ನಾನು ಬರ್ತೀನಿ' ಅಂದರೆ ಸಾಕು. ಅಂದ ಮೇಲೆ ಹೋಗಲೇಬೇಕು.

ಪೊಲೀಸರು ಏನೂ ಹೇಳುತ್ತಿಲ್ಲ. ತನಿಖೆ ಎಲ್ಲಿಗೆ ಬಂತು ಅಂತ ಕೇಳಬಹುದಾ?

ಕೇಳಬಹುದು. ತನಿಖೆ ಎಲ್ಲಿಗೆ ಬಂದಿದೆ ಎಂದು 90 ದಿನದೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕು ಎಂದು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಸೆಕ್ಷನ್ ಹೇಳುತ್ತದೆ. ಫೋನ್ ಮೆಸೇಜ್ ಮೂಲಕ ತಿಳಿಸಿದರೂ ಆಯ್ತು. ಸತ್ತವರ ವಾರಸುದಾರರೂ ಕಾನೂನಿನ ಕಣ್ಣಿನಲ್ಲಿ ಸಂತ್ರಸ್ತರೇ. 'ನೀವ್ಯಾರು ಕೇಳೋಕೆ' ಅನ್ನುವಂತಿಲ್ಲ.

ಹತ್ತು ಜನ ಹತ್ತು ಸಲ ಸ್ಟೇಷನ್ನಿಗೆ ಫೋನ್ ಮಾಡಿದರೆ ತನಿಖಾಧಿಕಾರಿ ಯಾರ ಫೋನನ್ನೂ ಎತ್ತುವುದಿಲ್ಲ. ಮನೆಯವರು ಒಪ್ಪಿದ ಒಬ್ಬರು ಮಾತ್ರ ಮಾತಾಡಲಿ. ಆ ಸ್ಟೇಷನ್ನಿನಿಂದ ಕೋರ್ಟ್ ಕೆಲಸಕ್ಕೆ ಓಡಾಡುವ ಕಾನ್‌ಸ್ಟೇಬಲ್ ಯಾರು ಅಂತ ಗೊತ್ತು ಮಾಡಿಕೊಳ್ಳಿ. ಮುಂದೆ ಸಮನ್ಸ್ ತರುವವರು ಅವರೇ, ವಾಯಿದೆ (ಕೋರ್ಟಿನಲ್ಲಿ ಕೇಸು ಬರುವ ದಿನ) ಯಾವತ್ತು ಅಂತ ಸರಿಯಾಗಿ ಹೇಳುವವರೂ ಅವರೇ.

ಕೇಸು ಯಾಕಿಷ್ಟು ವರ್ಷ ಎಳೆಯುತ್ತದೆ?

ಕೊಲೆಯ ಕೇಸಿನಲ್ಲಿ ಆರೋಪಿ ಒಳಗಿದ್ದರೆ 90 ದಿನದೊಳಗೆ ಚಾರ್ಜ್‌ಶೀಟ್ ಹಾಕಬೇಕು. ಹಾಕದಿದ್ದರೆ ಅವನಿಗೆ ಜಾಮೀನು ಕೇಳುವ ಹಕ್ಕು ಬರುತ್ತದೆ. ಚಾರ್ಜ್‌ಶೀಟ್ ಮೊದಲು ಹೋಗುವುದು ಮ್ಯಾಜಿಸ್ಟ್ರೇಟ್ ಕೋರ್ಟಿಗೆ. ಅಲ್ಲಿಂದ ಸೆಷನ್ಸ್ ಕೋರ್ಟಿಗೆ ಒಪ್ಪಿಸುತ್ತಾರೆ. ಆಮೇಲೆ ದೋಷಾರೋಪ ಓದಿ ಹೇಳುವುದು, ಸಾಕ್ಷಿ, ಆರೋಪಿಯ ಹೇಳಿಕೆ, ವಾದ, ತೀರ್ಪು. ಹೊಸ ಕಾನೂನು ಹಲವು ಹಂತಗಳಿಗೆ ಗಡುವು ಹಾಕಿದೆ. ವಾದ ಮುಗಿದ 30 ದಿನದಲ್ಲಿ, ಕಾರಣ ಇದ್ದರೆ 45 ದಿನದಲ್ಲಿ ತೀರ್ಪು ಕೊಡಬೇಕು. ಆದರೆ ನಿಜವಾಗಿ ವರ್ಷಗಳನ್ನು ತಿನ್ನುವುದು ನಡುವಿನ ಸಾಕ್ಷಿ ವಿಚಾರಣೆ. ಸಾಕ್ಷಿಗೆ ಸಮನ್ಸ್ ತಲುಪಿಲ್ಲ, ಆರೋಪಿಯ ವಕೀಲರಿಗೆ ಹುಷಾರಿಲ್ಲ, ಜಡ್ಜ್ ರಜೆ, ಜಡ್ಜ್‌ಗೆ ವರ್ಗ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬಂದಿಲ್ಲ. ಪ್ರತಿ ಸಲವೂ ಇನ್ನೊಂದು ವಾಯಿದೆ.

ಮನೆಯವರಿಗೆ ಮೊದಲೇ ಇದನ್ನು ನೇರವಾಗಿ ಹೇಳಿ. 'ಆರು ತಿಂಗಳಲ್ಲಿ ಗಲ್ಲು ಕೊಡಿಸ್ತೀವಿ' ಎಂದು ಮನೆ ಮುಂದೆ ಭಾಷಣ ಮಾಡಿ ಹೋದವರು ಆ ಕುಟುಂಬಕ್ಕೆ ಮಾಡಿದ ಹಾನಿ ಸಣ್ಣದಲ್ಲ.

ಸರ್ಕಾರಿ ವಕೀಲರು ಇದ್ದಾರಲ್ಲ, ಮನೆಯವರು ಬೇರೆ ವಕೀಲರನ್ನು ಇಡಬೇಕಾ?

ಕಡ್ಡಾಯವಲ್ಲ. ಕೇಸು ನಡೆಸುವುದು ಸರ್ಕಾರ, ಅದರ ಪರ ಪಬ್ಲಿಕ್ ಪ್ರಾಸಿಕ್ಯೂಟರ್. ಅವರಿಗೆ ಮನೆಯವರು ಫೀಸು ಕೊಡಬೇಕಾಗಿಲ್ಲ. ಕೋರ್ಟ್ ಅನುಮತಿ ಪಡೆದು ಕುಟುಂಬ ತನ್ನದೇ ವಕೀಲರನ್ನು ನೇಮಿಸಬಹುದು. ಆದರೆ ಅವರು ಪ್ರಾಸಿಕ್ಯೂಟರ್‌ಗೆ ಸಹಾಯ ಮಾಡಬಹುದೇ ಹೊರತು ತಾವೇ ಎದ್ದು ನಿಂತು ಸಾಕ್ಷಿಗಳನ್ನು ಪ್ರಶ್ನಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರಲ್ಲಿ ರೇಖಾ ಮುರಾರ್ಕಾ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿದೆ. ಹಾಗಾಗಿ 'ನಾನೇ ಕೇಸು ನಡೆಸಿ ಶಿಕ್ಷೆ ಕೊಡಿಸ್ತೀನಿ' ಎಂದು ದೊಡ್ಡ ಮೊತ್ತ ಕೇಳುವವರ ಬಗ್ಗೆ ಹುಷಾರು.

ಸ್ವಂತ ವಕೀಲರಿದ್ದರೆ ಎರಡು ಲಾಭ ಇವೆ. ಸಂತ್ರಸ್ತರ ಪರ ವಕೀಲರು ಇದ್ದಲ್ಲಿ ಚಾರ್ಜ್‌ಶೀಟ್ ಮತ್ತು ದಾಖಲೆಗಳ ಪ್ರತಿ ಅವರಿಗೂ ಸಿಗುತ್ತದೆ. ಮತ್ತೆ, ಜಾಮೀನು ಅರ್ಜಿ ಬಂದಾಗ ತಕ್ಷಣ ತಕರಾರು ಹಾಕಬಹುದು. ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಸಾಮಾನ್ಯವಾಗಿ ಜಿಲ್ಲಾ ಕೋರ್ಟ್ ಆವರಣದಲ್ಲೇ ಅವರ ಆಫೀಸು ಇರುತ್ತದೆ. ಸಹಾಯವಾಣಿ 15100.

ಪರಿಶಿಷ್ಟ ಜಾತಿ ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಡಿ ಕೇಸಾಗಿದ್ದರೆ ದಾರಿ ಇನ್ನೂ ಅಗಲ. ಸಂತ್ರಸ್ತರು ಬಯಸಿದರೆ ಹೆಸರಾಂತ ಹಿರಿಯ ವಕೀಲರನ್ನು ನೇಮಿಸಲು ಜಿಲ್ಲಾಧಿಕಾರಿಗೆ ಅಧಿಕಾರವಿದೆ.

ಆರೋಪಿಗೆ ಜಾಮೀನು ಸಿಕ್ಕಿಬಿಟ್ಟಿತು. ಕೇಸು ಬಿದ್ದುಹೋಯ್ತಾ?

ಇಲ್ಲ. ಜಾಮೀನು ಅಂದರೆ ಖುಲಾಸೆ ಅಲ್ಲ, ವಿಚಾರಣೆ ಮುಗಿಯುವವರೆಗೆ ಹೊರಗಿರಲು ಅನುಮತಿ ಅಷ್ಟೇ. ಮುಂದಿನ ಅರ್ಜಿಗಳ ಮೇಲೆ ಕಣ್ಣಿಡಿ. ಉತ್ತರ ಪ್ರದೇಶದ ಲಖೀಂಪುರ ಖೇರಿಯ ರೈತರ ಸಾವಿನ ಪ್ರಕರಣದಲ್ಲಿ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಜಾಮೀನು ಸೇರಿದಂತೆ ಪ್ರತಿ ಹಂತದಲ್ಲೂ ಸಂತ್ರಸ್ತರ ಮಾತು ಕೇಳಬೇಕು ಎಂದು ಹೇಳಿತು. ಜಾಮೀನು ಆದೇಶದ ಪ್ರತಿ ತೆಗೆದು ಷರತ್ತುಗಳನ್ನು ಓದಿ. 'ಸಾಕ್ಷಿಗಳನ್ನು ಸಂಪರ್ಕಿಸಬಾರದು' ಎಂದಿದ್ದೂ ಅವನು ಸಾಕ್ಷಿಯ ಅಂಗಡಿ ಮುಂದೆ ಬೈಕ್ ನಿಲ್ಲಿಸಿಕೊಂಡು ನಿಲ್ಲುತ್ತಿದ್ದರೆ ದಿನಾಂಕ, ಹೊತ್ತು ಬರೆದಿಟ್ಟು ತನಿಖಾಧಿಕಾರಿಗೂ ಪ್ರಾಸಿಕ್ಯೂಟರ್‌ಗೂ ಕೊಡಿ. ಜಾಮೀನು ರದ್ದು ಮಾಡಲು ಕೇಳುವುದು ಇಂಥ ಚೀಟಿಗಳನ್ನು ಇಟ್ಟುಕೊಂಡೇ.

ವಾಯಿದೆಗೆ ನಾವೂ ಕೋರ್ಟಿಗೆ ಹೋಗಬಹುದಾ?

ಹೋಗಬಹುದು. ಕೋರ್ಟ್ ಎಲ್ಲರಿಗೂ ತೆರೆದಿರುತ್ತದೆ. ಅತ್ಯಾಚಾರದಂಥ ಕೇಸುಗಳಲ್ಲಿ, ಜಡ್ಜ್ ಹಾಗೆ ಹೇಳಿದ ಬೇರೆ ಕೇಸುಗಳಲ್ಲಿ ಮಾತ್ರ ಬಾಗಿಲು ಹಾಕಿ ವಿಚಾರಣೆ. ಆದರೆ ಎರಡು ವ್ಯಾನ್ ತುಂಬ ಹೋಗಬೇಡಿ. ಇಬ್ಬರು ಮೂವರು ಸಾಕು, ಸರದಿ ಹಾಕಿಕೊಂಡು. ಫೋಟೋ ಹಾಕಿದ ಬ್ಯಾಡ್ಜ್, ಘೋಷಣೆ, ಆರೋಪಿಯನ್ನು ಕರೆತಂದಾಗ ಬೈಯುವುದು, ಒಳಗೆ ವಿಡಿಯೋ ಮಾಡುವುದು ಬೇಡ. 'ಸಾಕ್ಷಿಗಳ ಮೇಲೆ ಜನರ ಒತ್ತಡ ಇದೆ, ಕೇಸನ್ನು ಬೇರೆ ಕೋರ್ಟಿಗೆ ವರ್ಗಾಯಿಸಿ' ಎಂದು ಎದುರು ಪಾರ್ಟಿ ಅರ್ಜಿ ಹಾಕಲು ನಾವೇ ಕಾರಣ ಒದಗಿಸಿಕೊಟ್ಟಂತೆ ಆಗುತ್ತದೆ.

ಕುಟುಂಬದಲ್ಲಿ ಸಾಕ್ಷಿ ಆಗಿರುವವರು ತಮ್ಮ ಸರದಿ ಬರುವವರೆಗೆ ಹಾಲ್ ಒಳಗೆ ಕೂತು ಬೇರೆ ಸಾಕ್ಷಿಗಳ ಮಾತು ಕೇಳುವಂತಿಲ್ಲ, ಹೊರಗೆ ಕಾಯಬೇಕು. ಅಪ್ಪ ದೂರುದಾರ, ಅಣ್ಣ ಪ್ರತ್ಯಕ್ಷ ಸಾಕ್ಷಿ, ಅಮ್ಮ ಇನ್ನೊಬ್ಬ ಸಾಕ್ಷಿ ಆಗಿದ್ದರೆ ಒಳಗೆ ಏನಾಯ್ತು ಎಂದು ನೋಡಲು ಆ ಮನೆಯಿಂದ ಒಬ್ಬರೂ ಉಳಿಯುವುದಿಲ್ಲ. ಸಾಕ್ಷಿಪಟ್ಟಿಯಲ್ಲಿ ಹೆಸರಿಲ್ಲದ ನೆರೆಯವರು ಬೇಕಾಗುವುದು ಇದಕ್ಕೇ. ಹಿಂದಿನ ಸಾಲಿನಲ್ಲಿ ಸುಮ್ನೆ ಕೂತು ಇವತ್ತು ಏನು ನಡೆಯಿತು, ಮುಂದಿನ ವಾಯಿದೆ ಯಾವತ್ತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಆದರೆ ಒಂದು ಸಾಕ್ಷಿ ಹೇಳಿದ್ದನ್ನು ಹೊರಗೆ ಕಾಯುತ್ತಿರುವ ಇನ್ನೊಂದು ಸಾಕ್ಷಿಗೆ ಬಂದು ಹೇಳಬಾರದು. ಅದು ಗೊತ್ತಾದರೆ ಇಬ್ಬರ ಸಾಕ್ಷಿಯೂ ಹಾಳು.

ಉಳಿದದ್ದು ಸಣ್ಣ ಪುಟ್ಟದ್ದು. ಬೆಳಗ್ಗೆ 11ರ ಹೊತ್ತಿಗೆ ಕೋರ್ಟ್ ಕೂರುತ್ತದೆ, ನಮ್ಮ ಕೇಸು ಕೂಗುವುದು ಮಧ್ಯಾಹ್ನ ಊಟದ ನಂತರವೂ ಆಗಬಹುದು. ನೀರು, ತಿಂಡಿ, ಬಿಪಿ ಶುಗರ್ ಮಾತ್ರೆ ಇಟ್ಟುಕೊಳ್ಳಿ. ಆರೋಪಿಯ ಕಡೆಯವರೂ ಅದೇ ವರಾಂಡದಲ್ಲಿ, ಅದೇ ಕ್ಯಾಂಟೀನಿನಲ್ಲಿ ಇರುತ್ತಾರೆ. ಮನೆಯವರನ್ನು ಅವರ ಎದುರಿನ ಬೆಂಚಿನಲ್ಲಿ ಕೂರಿಸಬೇಡಿ.

ಸಾಕ್ಷಿ ಹೇಳುವ ದಿನಕ್ಕೆ ತಾಯಿಯನ್ನು ಹೇಗೆ ಸಿದ್ಧ ಮಾಡುವುದು?

ಏನು ಹೇಳಬೇಕು ಎಂದು ಯಾರೂ ಹೇಳಿಕೊಡಬಾರದು. ಅಲ್ಲಿ ಏನು ನಡೆಯುತ್ತದೆ ಎಂದು ಹೇಳಿಕೊಡಬಹುದು, ಹೇಳಿಕೊಡಲೇಬೇಕು. ಪೊಲೀಸರ ಮುಂದೆ ಕೊಟ್ಟ ಹೇಳಿಕೆಯನ್ನು ಪ್ರಾಸಿಕ್ಯೂಟರ್ ಆಫೀಸಿನಲ್ಲಿ ಒಮ್ಮೆ ಓದಿಸಿಕೊಂಡು ನೆನಪು ಮಾಡಿಕೊಳ್ಳುವುದರಲ್ಲಿ ತಪ್ಪಿಲ್ಲ. ಸಾಕ್ಷಿಗಳೆಲ್ಲ ಒಟ್ಟಿಗೆ ಕೂತು ಪಾಠ ಒಪ್ಪಿಸಿಕೊಳ್ಳುವುದು ಬೇಡ. 'ನಿನ್ನೆ ರಾತ್ರಿ ಯಾರ ಮನೆಯಲ್ಲಿ ಸೇರಿದ್ದಿರಿ?' ಎಂಬ ಪ್ರಶ್ನೆ ಪಾಟೀಸವಾಲಿನಲ್ಲಿ ಬಂದೇ ಬರುತ್ತದೆ.

ಬಿಡುವಿನ ದಿನ ಒಮ್ಮೆ ಕರೆದುಕೊಂಡು ಹೋಗಿ ಹಾಲ್ ತೋರಿಸಿ. ಜಡ್ಜ್ ಎಲ್ಲಿ ಕೂರುತ್ತಾರೆ, ಸಾಕ್ಷಿ ಕಟಕಟೆ ಯಾವುದು, ಆರೋಪಿ ಎಲ್ಲಿ ನಿಲ್ಲುತ್ತಾನೆ. ಅವನ ಮುಖ ನೋಡಿ ಗುರುತಿಸಬೇಕಾಗುತ್ತದೆ ಎಂದೂ ಹೇಳಿ. ಮೊದಲು ಸರ್ಕಾರಿ ವಕೀಲರು ಕೇಳುತ್ತಾರೆ, ಆಮೇಲೆ ಆರೋಪಿ ಪರ ವಕೀಲರ ಪಾಟೀಸವಾಲು. 'ನಿಮ್ಮ ಮಗನಿಗೆ ಕುಡಿಯುವ ಚಟ ಇತ್ತಲ್ವಾ?', 'ಸಾಲ ಕೊಟ್ಟವರು ಅವನ ಮೇಲೆ ಸಿಟ್ಟಾಗಿದ್ದರಲ್ವಾ?', 'ಜಮೀನಿನ ದ್ವೇಷಕ್ಕೆ ಸುಳ್ಳು ಹೇಳುತ್ತಿದ್ದೀರಿ ಎಂದರೆ?' ಹೀಗೆಲ್ಲ ಕೇಳುವುದು ಅವರ ಕೆಲಸ. ಉತ್ತರವನ್ನು 'ಎಂದರೆ ಸರಿಯಲ್ಲ' ಎಂದು ಟೈಪ್ ಮಾಡಿಸುತ್ತಾರೆ. ಕಟಕಟೆಯಲ್ಲಿ ನಿಂತವರಿಗೆ ಅದು ಅವಮಾನದ ಮೇಲೆ ಅವಮಾನ ಅನ್ನಿಸುತ್ತದೆ. ಇಂಥ ಪ್ರಶ್ನೆ ಬರುತ್ತದೆ ಎಂದು ಮೊದಲೇ ಗೊತ್ತಿದ್ದರೆ ಕೋಪ ಸ್ವಲ್ಪ ಹಿಡಿತದಲ್ಲಿರುತ್ತದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ, ನೆನಪಿಲ್ಲದ್ದಕ್ಕೆ ನೆನಪಿಲ್ಲ ಅನ್ನಬಹುದು. ಪ್ರಶ್ನೆ ಅರ್ಥವಾಗದಿದ್ದರೆ 'ಇನ್ನೊಂದ್ಸಲ ಹೇಳಿ ಸ್ವಾಮಿ' ಅನ್ನಬಹುದು. ಕಾಲು ನಡುಗಿದರೆ ಕುರ್ಚಿ ಕೇಳಬಹುದು.

ಯಾರೂ ಮೊದಲೇ ಹೇಳದ ಸಂಗತಿ ಒಂದಿದೆ: ಮುದ್ದೆಮಾಲು. ಪೊಲೀಸರು ವಶಪಡಿಸಿಕೊಂಡ ವಸ್ತುಗಳನ್ನು ಅರಗು ಹಾಕಿದ ಕವರಿನಲ್ಲಿ ಕೋರ್ಟಿಗೆ ತರುತ್ತಾರೆ. ಸಾಕ್ಷಿ ಹೇಳುತ್ತಿರುವಾಗಲೇ ಕ್ಲರ್ಕ್ ಕತ್ತರಿಯಿಂದ ಕವರು ಬಿಚ್ಚುತ್ತಾರೆ. ಒಳಗೆ ಎರಡು ವರ್ಷದಿಂದ ಮಡಚಿಟ್ಟ ಶರ್ಟು. ಒಣಗಿ ಬಿರುಸಾದ ರಕ್ತದ ಕಲೆ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಒಂದು ರೀತಿಯ ಮುಗ್ಗು ವಾಸನೆ. ಅದನ್ನು ಎತ್ತಿ ಹಿಡಿದು 'ಇದು ನಿಮ್ಮ ಮಗನದ್ದೇನಮ್ಮಾ?' ಎಂದು ಕೇಳುತ್ತಾರೆ. ಹೌದು ಎಂದರೆ ಅದಕ್ಕೊಂದು ನಂಬರು ಬೀಳುತ್ತದೆ, ಮುಂದಿನ ಪ್ರಶ್ನೆ. ಆ ತಾಯಿ ಗುಂಡಿ ಹೊಲಿದ ಶರ್ಟು ಅದು. ಈ ಗಳಿಗೆ ಬರುತ್ತದೆ ಎಂದು ಹಿಂದಿನ ದಿನ ಮೆಲ್ಲಗೆ ಹೇಳಿಡಿ. ಆ ದಿನ ಒಬ್ಬ ಹೆಂಗಸು ಜೊತೆಗಿದ್ದು, ಮುಗಿದ ಮೇಲೆ ನೇರ ಮನೆಗೆ ಕರೆದುಕೊಂಡು ಹೋಗಲಿ.

ನಾನು ಮಹಜರಿಗೆ ಸಹಿ ಹಾಕಿದ್ದೆ. ಈಗ ಸಮನ್ಸ್ ಬಂದಿದೆ. ಹೋಗಲೇಬೇಕಾ?

ಹೋಗಲೇಬೇಕು. ಹೋಗದಿದ್ದರೆ ವಾರಂಟ್ ಬರುತ್ತದೆ. ಆದರೆ ವಾರಂಟಿನ ಹೆದರಿಕೆಗಿಂತ ದೊಡ್ಡ ಕಾರಣ ಇದೆ, ಈ ಪುಟ ಬರೆದದ್ದೇ ಅದಕ್ಕೆ.

ಕೊಲೆ ಕೇಸುಗಳು ಸಡಿಲವಾಗುವುದು ಬಹಳ ಸಲ ಇಲ್ಲಿಯೇ. ಮೊದಲ ದಿನ ರಸ್ತೆ ತಡೆ ಮಾಡಿದವರು, ಫೇಸ್‌ಬುಕ್ಕಿನಲ್ಲಿ ಬರೆದವರು, ಚಪ್ಪರ ಹಾಕಿಸಿದವರು ಕಟಕಟೆ ಹತ್ತಿದಾಗ 'ನಾನು ನೋಡಿಲ್ಲ, ಪೊಲೀಸರು ಹೇಳಿದ ಕಡೆ ಸಹಿ ಹಾಕಿದೆ' ಅನ್ನುತ್ತಾರೆ. ಕಾರಣ ಎಲ್ಲರಿಗೂ ಗೊತ್ತು. ಆರೋಪಿಯ ಚಿಕ್ಕಪ್ಪ ಗ್ರಾಮ ಪಂಚಾಯ್ತಿ ಸದಸ್ಯ, ಹೊಲಕ್ಕೆ ಹೋಗುವ ದಾರಿ ಅವರದ್ದು, ಒಂದು ದಿನದ ಕೂಲಿ ಹೋಗುತ್ತದೆ, 'ನಮಗ್ಯಾಕೆ ಕೋರ್ಟು ಕಚೇರಿ'. ಪ್ರತಿಯೊಂದೂ ನಿಜವಾದ ಕಷ್ಟವೇ, ತಳ್ಳಿಹಾಕುವುದಿಲ್ಲ. ಆದರೆ ಊಟ ತಂದುಕೊಟ್ಟು, ಸಾಕ್ಷಿ ಹೇಳದೆ ಹೋದರೆ ಆ ಮನೆಗೆ ನಾವು ಕೊಟ್ಟದ್ದು ಊಟ ಮಾತ್ರ.

ಪೊಲೀಸರು ನಿಜವಾಗಿಯೂ ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡಿದ್ದರೆ ಕೋರ್ಟಿನಲ್ಲಿ ಅದನ್ನೇ ಹೇಳಿ, ಸುಳ್ಳು ಹೇಳಿ ಎಂದು ಯಾರೂ ಕೇಳುತ್ತಿಲ್ಲ. ಕಂಡದ್ದನ್ನು ಕಂಡಿಲ್ಲ ಅನ್ನಬೇಡಿ. ಪ್ರಮಾಣ ಮಾಡಿ ಸುಳ್ಳು ಸಾಕ್ಷಿ ನುಡಿದರೆ ಏಳು ವರ್ಷದವರೆಗೂ ಶಿಕ್ಷೆ ಇದೆ. ಸಾಕ್ಷಿಯ ದಿನದ ಖರ್ಚಿಗೆ ಕೋರ್ಟಿನಿಂದ ಬತ್ತೆ ಕೇಳಬಹುದು, ಸಮನ್ಸ್ ಜೊತೆಗೇ ತಗೊಂಡು ಹೋಗಿ ವಿಚಾರಿಸಿ. ಸಂಘದವರು ಮಾಡಬಹುದಾದ್ದು ಒಂದಿದೆ. ಸಾಕ್ಷಿ ಹೇಳಲು ಹೋದವನ ಹೊಲಕ್ಕೆ ಆ ದಿನ ನೀರು ಕಟ್ಟಿ, ಅವನ ಎಮ್ಮೆಗೆ ಮೇವು ಹಾಕಿ. ಸಾಕ್ಷಿಯ ಕೈಗೆ ದುಡ್ಡು ಮಾತ್ರ ಕೊಡಬೇಡಿ, ಬಸ್ ಚಾರ್ಜ್ ಅಂತಲೂ ಬೇಡ.

ಒಬ್ಬಿಬ್ಬರು ಹೋಸ್ಟೈಲ್ ಆದ ಮಾತ್ರಕ್ಕೆ ಕೇಸು ಮುಗಿಯುವುದಿಲ್ಲ. ತಿರುಗಿಬಿದ್ದ ಸಾಕ್ಷಿ ಹೇಳಿದ್ದರಲ್ಲೂ ನಂಬಬಹುದಾದ ಭಾಗವನ್ನು ಕೋರ್ಟ್ ತೆಗೆದುಕೊಳ್ಳಬಹುದು.

ಸಾಕ್ಷಿಗೆ ಬೆದರಿಕೆ ಬಂದರೆ?

2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟು ಇಡೀ ದೇಶಕ್ಕೆ ಅನ್ವಯ ಮಾಡಿತು. ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿಗೆ ಅರ್ಜಿ ಕೊಡಬೇಕು. ಬೆದರಿಕೆ ಎಷ್ಟು ಗಂಭೀರ ಎಂದು ಪೊಲೀಸರಿಂದ ವರದಿ ತರಿಸಿಕೊಂಡು ಸಮಿತಿ ಆದೇಶ ಮಾಡುತ್ತದೆ. ಮನೆ ಹತ್ತಿರ ಗಸ್ತು, ಕೋರ್ಟಿಗೆ ಹೋಗಿಬರಲು ಕಾವಲು, ಆರೋಪಿ ಎದುರು ಬಾರದಂತೆ ಸಾಕ್ಷಿ ಹೇಳುವ ಏರ್ಪಾಡು, ತೀರಾ ಅಗತ್ಯವಿದ್ದರೆ ಬೇರೆ ಕಡೆ ವಾಸ. ಅರ್ಜಿ ಬರೆಯಲು ಪ್ರಾಸಿಕ್ಯೂಟರ್ ಆಫೀಸೋ ಕಾನೂನು ಸೇವಾ ಪ್ರಾಧಿಕಾರವೋ ಸಹಾಯ ಮಾಡುತ್ತದೆ. ಬೆದರಿಕೆಯ ಕಾಲ್ ವಿವರ, ವಾಟ್ಸ್ಯಾಪ್ ಮೆಸೇಜ್ ಅಳಿಸಬೇಡಿ. ಆ ಕ್ಷಣದ ಅಪಾಯಕ್ಕೆ 112.

ಹಿರಿಯರು ಕೂತು ರಾಜಿ ಮಾಡಿಸೋಣ ಅನ್ನುತ್ತಿದ್ದಾರೆ.

ಕೊಲೆ ಕೇಸು ರಾಜಿಯಾಗುವ ಕೇಸೇ ಅಲ್ಲ. ಊರ ಕಟ್ಟೆಯಲ್ಲಿ ಕೂತು ಇಷ್ಟು ಲಕ್ಷ ಅಂತ ತೀರ್ಮಾನ ಮಾಡಿದರೂ ಕೋರ್ಟಿಗೆ ಅದು ಲೆಕ್ಕಕ್ಕಿಲ್ಲ. ದುಡ್ಡು ಪಡೆದ ಮನೆಯವರು ಮತ್ತೆ ಕಟಕಟೆಯಲ್ಲಿ ನಿಂತು ಒಂದೋ ಸುಳ್ಳು ಹೇಳಬೇಕು, ಇಲ್ಲ ಮಾತು ಮುರಿದರು ಅನ್ನಿಸಿಕೊಳ್ಳಬೇಕು. ಒತ್ತಾಯ ಮಾಡುವ ಹಿರಿಯರಿಗೆ 'ಯಜಮಾನರೇ, ಇದು ಸರ್ಕಾರ ನಡೆಸುವ ಕೇಸು, ವಾಪಸ್ ತಗೊಳ್ಳೋದು ನಮ್ಮ ಕೈಯಲ್ಲಿಲ್ಲ' ಎಂದು ಹೇಳಿ. ನಿಜವೂ ಹೌದು, ಮನೆಯವರ ಮೇಲಿನ ಭಾರವೂ ಇಳಿಯುತ್ತದೆ. ಸರ್ಕಾರವೇ ಕೇಸು ವಾಪಸ್ ಪಡೆಯಲು ಹೊರಟರೂ ಈಗ ಸಂತ್ರಸ್ತರ ಮಾತು ಕೇಳದೆ ಕೋರ್ಟ್ ಒಪ್ಪುವಂತಿಲ್ಲ.

ಮೇಣದಬತ್ತಿ ಮೆರವಣಿಗೆ, ಫ್ಲೆಕ್ಸ್, ಹ್ಯಾಶ್‌ಟ್ಯಾಗ್ ಮಾಡಬಹುದಾ?

ಮನೆಯವರನ್ನು ಕೇಳಿ ಮಾಡಿ. ಆದರೆ ಅತ್ಯಾಚಾರ ಮಾಡಿ ಕೊಂದ ಪ್ರಕರಣವಾದರೆ ಫ್ಲೆಕ್ಸಿನಲ್ಲಿ ಹೆಸರು, ಫೋಟೋ ಹಾಕುವುದೇ ಅಪರಾಧ, ಎರಡು ವರ್ಷದವರೆಗೆ ಶಿಕ್ಷೆ ಇದೆ. ಸತ್ತ ಮೇಲೂ ಹೆಸರು ಬಯಲು ಮಾಡುವಂತಿಲ್ಲ, ಕುಟುಂಬದವರು ಒಪ್ಪಿದರು ಎಂಬ ಕಾರಣಕ್ಕೆ ನಾವಾಗಿ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಗೊತ್ತಿಲ್ಲದೆ 'ತಂಗಿಗೆ ನ್ಯಾಯ' ಎಂದು ಫೋಟೋ ಹಂಚುವ ಹುಡುಗರಿಗೆ ಇದನ್ನು ತಿಳಿಸಿ.

ಸಾಕ್ಷಿಗಳು ಕೇಸಿನ ಬಗ್ಗೆ ಏನನ್ನೂ ಪೋಸ್ಟ್ ಮಾಡಬಾರದು. ಟಿವಿ ಮುಂದೆ ಆವೇಶದಲ್ಲಿ ಹೇಳಿದ ಒಂದು ಮಾತು ಪೊಲೀಸ್ ಹೇಳಿಕೆಗೆ ಹೊಂದದಿದ್ದರೆ ಆ ಕ್ಲಿಪ್ಪು ಕೋರ್ಟಿಗೆ ಬರುತ್ತದೆ.

ಆರೋಪಿ ಪರ ಯಾವ ವಕೀಲರೂ ನಿಲ್ಲಬಾರದು ಎಂದು ಮನವಿ ಕೊಡೋಣವೇ?

ಸಿಟ್ಟು ಅರ್ಥವಾಗುತ್ತದೆ. ಆದರೆ ಬೇಡ. ವಕೀಲರ ಸಂಘಗಳು ಇಂಥ ನಿರ್ಣಯ ಮಾಡುವುದು ಕಾನೂನಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಅದಕ್ಕಿಂತ, ಮನೆಯವರಿಗೇ ನಷ್ಟ. ವಕೀಲರಿಲ್ಲದೆ ನಡೆದ ವಿಚಾರಣೆಯಲ್ಲಿ ಶಿಕ್ಷೆಯಾದರೆ ಹೈಕೋರ್ಟಿನಲ್ಲಿ ಅದು ನಿಲ್ಲುವುದು ಕಷ್ಟ. ಮತ್ತೆ ಮೊದಲಿನಿಂದ ವಿಚಾರಣೆ ಅಂದರೆ ಆ ತಾಯಿ ಇನ್ನೊಮ್ಮೆ ಕಟಕಟೆ ಹತ್ತಬೇಕು.

ದುಡ್ಡಿನ ಸಹಾಯ ಹೇಗೆ? ಸರ್ಕಾರದಿಂದ ಪರಿಹಾರ ಸಿಗುತ್ತದೆಯೇ?

ಚಂದಾ ಎತ್ತಿದರೆ ಲೆಕ್ಕ ಇಡಿ. ಹಣ ಮನೆಯವರ ಬ್ಯಾಂಕ್ ಖಾತೆಗೇ ನೇರ ಹೋಗಲಿ, ಯಾರದ್ದೋ ಫೋನ್‌ಪೇ ನಂಬರಿಗೆ ಬೇಡ. ಕೊಲೆಯ ದುಃಖಕ್ಕಿಂತ ಚಂದಾದ ಜಗಳಕ್ಕೇ ಊರು ಎರಡು ಪಾಲಾಗುವುದುಂಟು.

ಪರಿಹಾರಕ್ಕೆ ಶಿಕ್ಷೆಯಾಗುವವರೆಗೆ ಕಾಯಬೇಕಾಗಿಲ್ಲ, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಸಂತ್ರಸ್ತರ ಪರಿಹಾರ ಯೋಜನೆಯಡಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಆರೋಪಿ ಯಾರೆಂದು ಪತ್ತೆಯಾಗದಿದ್ದರೂ ಕೇಳಬಹುದು. ಪ್ರಾಧಿಕಾರ ಎರಡು ತಿಂಗಳಲ್ಲಿ ವಿಚಾರಣೆ ಮುಗಿಸಬೇಕು. ಸತ್ತವರು ಮಹಿಳೆಯಾಗಿದ್ದರೆ ನಾಲ್ಸಾದ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) 2018ರ ಯೋಜನೆಯಲ್ಲಿ ಜೀವಹಾನಿಗೆ 5 ಲಕ್ಷದಿಂದ 10 ಲಕ್ಷ ರೂಪಾಯಿ ಎಂದಿದೆ. ಪರಿಶಿಷ್ಟರ ಮೇಲಿನ ದೌರ್ಜನ್ಯದ ಕೊಲೆಗೆ 2016ರ ನಿಯಮಗಳ ಪ್ರಕಾರ 8.25 ಲಕ್ಷ. ಮರಣೋತ್ತರ ಪರೀಕ್ಷೆ ಆದ ಮೇಲೆ ಅರ್ಧ, ಚಾರ್ಜ್‌ಶೀಟ್ ಕೋರ್ಟಿಗೆ ಹೋದ ಮೇಲೆ ಇನ್ನರ್ಧ. ಇದಕ್ಕಾಗಿ ಸಮಾಜ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಬೇಕು.

ಕಾಗದ ಪತ್ರ ಓಡಾಡಿ ಮಾಡಿಸಿಕೊಡುವುದು ಒಳ್ಳೆಯ ಸಹಾಯ: ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಆಧಾರ್, ಪಾಸ್‌ಬುಕ್, ಎಫ್‌ಐಆರ್ ಪ್ರತಿ. ಸಾವನ್ನು 21 ದಿನದೊಳಗೆ ನೋಂದಾಯಿಸಿದರೆ ಸುಲಭ. ವಿಧವಾ ವೇತನ, ಬ್ಯಾಂಕ್ ಖಾತೆ, ಎಲ್‌ಐಸಿ ಎಲ್ಲಕ್ಕೂ ಇದೇ ಕಾಗದ.

ವಶಪಡಿಸಿಕೊಂಡ ಬೈಕು ಸ್ಟೇಷನ್ ಮುಂದೆ ತುಕ್ಕು ಹಿಡಿಯಬೇಕಾಗಿಲ್ಲ. ವಾರಸುದಾರರು ಕೋರ್ಟಿಗೆ ಅರ್ಜಿ ಹಾಕಿ ಮಧ್ಯಂತರವಾಗಿ ಬಿಡಿಸಿಕೊಳ್ಳಲು ಕೇಳಬಹುದು.

ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ.

ಮಕ್ಕಳಿಗೆ ನಿಜ ಹೇಳಿ, ಅವರ ವಯಸ್ಸಿಗೆ ತಕ್ಕಷ್ಟು. 'ಅಪ್ಪ ಊರಿಗೆ ಹೋಗಿದ್ದಾರೆ' ಎಂದರೆ ಶಾಲೆಯಲ್ಲಿ ಬೇರೆ ಯಾರೋ ಕೆಟ್ಟದಾಗಿ ಹೇಳುತ್ತಾರೆ. ಟೀಚರ್ ಒಬ್ಬರಿಗೆ ವಿಷಯ ತಿಳಿಸಿಡಿ. ವಾಯಿದೆ ದಿನ ಮಕ್ಕಳನ್ನು ಶಾಲೆಯಿಂದ ಕರೆತಂದು ಸಂಜೆವರೆಗೆ ಇಟ್ಟುಕೊಳ್ಳುವ ಒಂದು ಮನೆ ಗೊತ್ತು ಮಾಡಿ, ಪ್ರತಿ ಸಲ ಅದೇ ಮನೆ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅರ್ಹ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವದ ನೆರವು ಇದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿ, ಇಲ್ಲವೇ 1098ಕ್ಕೆ ಫೋನ್ ಮಾಡಿ.

ಆರೋಪಿಯ ಮನೆಯವರೂ ನಮ್ಮ ಬೀದಿಯವರೇ. ಅವರ ಜೊತೆ ಹೇಗಿರಬೇಕು?

ಕಷ್ಟದ ಪ್ರಶ್ನೆ. ಅವನ ಹೆಂಡತಿ ಮಕ್ಕಳು ಕೊಲೆ ಮಾಡಿಲ್ಲ. ಅವರ ನಲ್ಲಿ ನೀರು ನಿಲ್ಲಿಸುವುದು, ಅಂಗಡಿಯಲ್ಲಿ ಸಾಮಾನು ಕೊಡದಿರುವುದು, ಮನೆಗೆ ಕಲ್ಲು ಹೊಡೆಯುವುದು ಅನ್ಯಾಯ. ಅದರ ಮೇಲೆ ಪ್ರತಿದೂರು ದಾಖಲಾಗಿ ಸತ್ತವರ ಅಣ್ಣನೇ ಇನ್ನೊಂದು ಕೋರ್ಟಿನಲ್ಲಿ ಆರೋಪಿಯಾಗಿ ನಿಲ್ಲಬೇಕಾಗುತ್ತದೆ. ಮಾತು ಬೇಡವೆನಿಸಿದರೆ ಬಿಡಿ. ಕೇಸಿನ ಮಾತು ಅವರ ಹತ್ತಿರ ಖಂಡಿತ ಬೇಡ.

ತಂದೆ ಮಲಗುವುದಿಲ್ಲ, ಯಾರ ಜೊತೆಯೂ ಮಾತಿಲ್ಲ. ಏನು ಮಾಡುವುದು?

ವಾಯಿದೆ ಹತ್ತಿರ ಬಂದಾಗಲೆಲ್ಲ ಹಾಗಾಗುವುದುಂಟು, ವಾರ್ಷಿಕ ತಿಥಿಯ ಹೊತ್ತಿಗೂ ಅಷ್ಟೇ. ಗಂಡಸರು ಹೇಳಿಕೊಳ್ಳುವುದು ಕಡಿಮೆ, ಕುಡಿತಕ್ಕೆ ಬೀಳುವುದು ಜಾಸ್ತಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. 'ಸತ್ತುಹೋಗ್ತೀನಿ' ಎಂಬ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಾವು ಬೆಂಗಳೂರಿನಲ್ಲೋ ದುಬೈನಲ್ಲೋ ಇದ್ದೇವೆ. ದೂರದಿಂದ ಏನು ಮಾಡಬಹುದು?

ಕೇಸಿನ 16 ಅಂಕಿ ಅಕ್ಷರಗಳ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಕೊಡುವ ಗುರುತಿನ ಸಂಖ್ಯೆ) ತೆಗೆದುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ, ಹಂತ, ಆದೇಶಗಳು ಕಾಣುತ್ತವೆ. ವಾಯಿದೆಯ ಹಿಂದಿನ ಸಂಜೆ ಮನೆಯವರಿಗೂ, ಜೊತೆಗೆ ಹೋಗುವ ಸರದಿಯವರಿಗೂ ನೆನಪಿಸುವ ಕೆಲಸ ನಿಮ್ಮದು. ಜೊತೆಗೆ ಹೋಗುವವರ ಆಟೋ ಬಾಡಿಗೆ ಕಳಿಸುವುದೂ ನಿಮ್ಮದೇ ಆಗಬಹುದು. 'ಏನಾಯ್ತು ಏನಾಯ್ತು' ಎಂದು ವಾಯಿದೆಯ ರಾತ್ರಿ ಹತ್ತು ಜನ ಫೋನ್ ಮಾಡಬೇಡಿ. ಕೋರ್ಟಿನಲ್ಲಿ ಕೂತು ನೋಟ್‌ಬುಕ್ ಬರೆದವರನ್ನು ಕೇಳಿ.

ಆರೋಪಿ ಖುಲಾಸೆ ಆದ. ಇಲ್ಲಿಗೆ ಮುಗೀತಾ?

ಮುಗಿಯಲಿಲ್ಲ. ಖುಲಾಸೆಯಾದರೆ, ಕಡಿಮೆ ಅಪರಾಧಕ್ಕೆ ಮಾತ್ರ ಶಿಕ್ಷೆಯಾದರೆ, ಪರಿಹಾರ ಸಾಲದಿದ್ದರೆ ಸಂತ್ರಸ್ತರು ತಾವೇ ಮೇಲ್ಮನವಿ ಹಾಕಬಹುದು. ಸರ್ಕಾರ ಹಾಕಲಿ ಎಂದು ಕಾಯಬೇಕಾಗಿಲ್ಲ. ಇದಕ್ಕೆ ಹೈಕೋರ್ಟಿನ ವಿಶೇಷ ಅನುಮತಿಯೂ ಬೇಡ ಎಂದು ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲಿ ತೀರ್ಪು ಕೊಟ್ಟಿತು. ಅದು ನಮ್ಮ ಕರ್ನಾಟಕದಿಂದಲೇ ಹೋದ ಪ್ರಕರಣ, ಮಲ್ಲಿಕಾರ್ಜುನ ಕೊಡಗಲಿ ಕೇಸು ಎಂದರೆ ವಕೀಲರಿಗೆ ಗೊತ್ತಾಗುತ್ತದೆ. ಶಿಕ್ಷೆ ಕಡಿಮೆಯಾಯ್ತು ಎಂಬ ಒಂದೇ ಕಾರಣಕ್ಕೆ ಮಾತ್ರ ಮನೆಯವರು ಈ ದಾರಿಯಲ್ಲಿ ಹೋಗಲು ಬರುವುದಿಲ್ಲ, ಅದನ್ನು ಸರ್ಕಾರ ಕೇಳಬೇಕು.

ತೀರ್ಪಿನ ದಿನ ಎರಡಕ್ಕೂ ಸಿದ್ಧವಾಗಿ ಹೋಗಿ. ಶಿಕ್ಷೆಯಾದರೂ ಮನೆಯವರು ಖುಷಿಪಡುತ್ತಾರೆ ಎಂದುಕೊಳ್ಳಬೇಡಿ. ಪಟಾಕಿ, ಸಿಹಿ ಬೇಡ. ತೀರ್ಪಿನ ದೃಢೀಕೃತ ನಕಲಿಗೆ ಅಂದೇ ಅರ್ಜಿ ಹಾಕಿ, ಮೇಲ್ಮನವಿಯ ಗಡುವು ಓಡುತ್ತಿರುತ್ತದೆ. ಹೈಕೋರ್ಟ್ ಎಂದರೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ, ಜಿಲ್ಲೆ ನೋಡಿಕೊಂಡು ಧಾರವಾಡ ಅಥವಾ ಕಲಬುರಗಿ ಪೀಠಕ್ಕೆ ಹೋಗುತ್ತದೆ. ಅಲ್ಲಿ ಹೊಸ ವಕೀಲರು ಮೊದಲು ಕೇಳುವುದು ಹಳೇ ಕಾಗದಗಳನ್ನು. ಎಫ್‌ಐಆರ್, ಚಾರ್ಜ್‌ಶೀಟ್, ಸಾಕ್ಷಿಗಳ ಹೇಳಿಕೆ, ಜಾಮೀನು ಆದೇಶ, ಆ ವಾಯಿದೆಗಳ ನೋಟ್‌ಬುಕ್ ಎಲ್ಲ ಒಂದೇ ಫೈಲಿನಲ್ಲಿರಲಿ, ಒಂದು ಜೆರಾಕ್ಸ್ ಸೆಟ್ ಬೇರೆ ಮನೆಯಲ್ಲಿರಲಿ. ಹೈಕೋರ್ಟಿನಲ್ಲೂ ಉಚಿತ ವಕೀಲರು ಬೇಕಿದ್ದರೆ ಅಲ್ಲಿನ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು.